ಮನೆ ಅವರದು, ಸಾಮಾನು ನಮ್ಮದು!

“ವೈನಿ, ಹೊಳಿ ಬಂದ ದಿನ ನಾ ಮನಿಯಿಂದ ಏನ್ ಹಿಡ್ಕೊಂಡು ಓಡಿದ್ನಿ, ಹೇಳ್ರಿ ನೋಡೋಣ?”

ರೋಣದಲ್ಲಿ ನಮ್ಮ ಮಗ್ಗುಲ ಮನೆಗೆ ಬಾಡಿಗೆಗೆ ಬಂದ ನರ್ಸಬಾಯಿ ಒಂದು ಮಧ್ಯಾಹ್ನ ಹೀಗೆ ಕೇಳಿದಳು. ಇಬ್ಬರೂ ಶೇಂಗಾ ಸುಲಿಯುತ್ತ ಕಟ್ಟೆಯ ಮೇಲೆ ಕುಳಿತಿದ್ದೆವು. ನಾನು ಬಂಗಾರವೆಂದೆ, ಬ್ಯಾಂಕಿನ ಪಾಸ್‌ಬುಕ್ ಎಂದೆ. ಆಕೆ ಗಲ್ಲಕ್ಕೆ ಕೈ ಹಚ್ಚಿಕೊಂಡು ನಕ್ಕಳು.

“ಮಗನ ಪಾಟಿಚೀಲ, ಒಂದು ಹಾಲಿನ ತಪೇಲಿ. ತಪೇಲ್ಯಾಗ ಹಾಲೂ ಇರಲಿಲ್ಲರಿ!”

ಅದು 2019ರ ಆಗಸ್ಟ್ ತಿಂಗಳ ಮಾತು. ಆಗ ಆಕೆ ಹೊಳೆಆಲೂರಿನಲ್ಲಿ ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದಳು. ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟರು, ಮಲಪ್ರಭೆ ದಂಡೆ ಮೀರಿದಳು, ಡಂಗುರದ ಹಿಂದೆಯೇ ನೀರೂ ಬಂತು. ಎತ್ತರದ ಜಾಗದ ಶಾಲೆಯಲ್ಲಿ ಗಂಜಿ ಕೇಂದ್ರ. ಊರೂರುಗಳಿಂದ ಬಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು ದಿನ ಕಳೆದದ್ದಾಯಿತು. ನೀರು ಇಳಿದ ಮೇಲೆ ಹೋಗಿ ಬಾಗಿಲು ದೂಡಿದರೆ ಒಳಗೆ ಮೊಣಕಾಲುಮಟ ರಾಡಿ. ಫ್ರಿಜ್ ಅಂಗಾತ ಬಿದ್ದಿತ್ತು. ತವರಿನಿಂದ ಬಂದ ಹೊಲಿಗೆ ಮಶೀನು, ಗಾದಿಗಳು, ಟಿ.ವಿ., ಕಪಾಟಿನ ತುಂಬ ಸೀರೆ, ವರ್ಷದ ಜೋಳ, ಎಲ್ಲ ರಾಡಿಯಲ್ಲಿ ಒಂದಾಗಿದ್ದವು.

ಮನೆಯ ಮಾಲೀಕರಿಗೆ ಸರಕಾರದಿಂದ ಮನೆಯ ಪರಿಹಾರ ಬಂತು. ಬರಬೇಕಾದದ್ದೇ, ಗೋಡೆ ಬಿದ್ದದ್ದು ಅವರದಲ್ಲವೇ? ನರ್ಸಬಾಯಿಗೆ ಬಂದದ್ದು 10,000 ರೂಪಾಯಿ. ಫ್ರಿಜ್ಜನ್ನು ಕಂತಿನ ಮೇಲೆ ಕೊಂಡಿದ್ದಳು, ಇನ್ನೂ ಏಳು ಕಂತು ಬಾಕಿ.

“ಎಲ್ಲಾ ಹೊಳ್ಯಾಗ ಹೋತು. ಕಂತು ಮಾತ್ರ ಹೋಗಲಿಲ್ಲ ನೋಡ್ರಿ!”

ಈ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು. ಯಾಕೆಂದರೆ ನಾನೂ ಬಾಡಿಗೆ ಮನೆಯವಳೇ. ನಮ್ಮ ಯಜಮಾನರದು ವರ್ಗಾವಣೆಯ ನೌಕರಿ. ನರಗುಂದದಲ್ಲಿ ನಾಲ್ಕು ವರ್ಷ, ಗಜೇಂದ್ರಗಡದಲ್ಲಿ ಐದು, ಈಗ ರೋಣ. ಟೆಂಪೋದಲ್ಲಿ ಸಾಮಾನು ಹೇರಿ ಇಳಿಸಿ ಇಳಿಸಿ ನನ್ನ ಕೈಯ ಬಳೆ ಎಷ್ಟು ಒಡೆದಿವೆಯೋ ಲೆಕ್ಕವಿಲ್ಲ. ಆದರೆ ಆ ಸಾಮಾನಿಗೆ ಏನಾದರೂ ಆದರೆ ಯಾರು ಹೊಣೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ‘ಮನೆ ನಮ್ಮದಲ್ಲವಲ್ಲ, ನಮಗೇನು ಚಿಂತೆ’ ಎಂಬುದು ಬಾಡಿಗೆದಾರರ ಸಮಾಧಾನ. ನಿಜ ನೋಡಿದರೆ ಚಿಂತೆ ಮಾಡಬೇಕಾದವರು ನಾವೇ!

ಪರಿಹಾರ ಯಾರಿಗೆ, ಎಷ್ಟು?

2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ನೀರು ಹೊಕ್ಕ ಮನೆಯ ಕುಟುಂಬಕ್ಕೆ ತಕ್ಷಣದ ಸಹಾಯ 10,000 ರೂಪಾಯಿ. ಈ ಹತ್ತು ಸಾವಿರದ ಹಿಂದಿನ ಲೆಕ್ಕ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ವಿಪತ್ತು ಪರಿಹಾರ ನಿಧಿಯ ಆಗಿನ ನಿಯಮದಂತೆ ಒಂದು ಕುಟುಂಬದ ಬಟ್ಟೆಬರೆಗೆ 1,800 ರೂಪಾಯಿ, ಪಾತ್ರೆಪಗಡೆಗೆ 2,000 ರೂಪಾಯಿ. ಒಟ್ಟು 3,800. ಉಳಿದದ್ದನ್ನು ರಾಜ್ಯ ಸರಕಾರ ಕೈಯಿಂದ ಸೇರಿಸಿ ಹತ್ತು ಸಾವಿರ ಮಾಡಿತು. ಒಂದು ಕುಕ್ಕರು, ನಾಲ್ಕು ತಾಟು, ಎರಡು ಕೊಡ ಕೊಳ್ಳುವಷ್ಟರಲ್ಲಿ 2,000 ಮುಗಿಯಿತು. ನಿಯಮ ಬರೆದವರು ಅಡುಗೆಮನೆಗೆ ಹೋಗಿರಲಿಕ್ಕಿಲ್ಲ, ಇರಲಿ ಬಿಡಿ.

ಇಲ್ಲಿ ತಿಳಿಯಬೇಕಾದ ಮಾತು ಒಂದೇ. ದೊಡ್ಡ ಪರಿಹಾರ ಗೋಡೆಗೆ, ಮಾಳಿಗೆಗೆ. ಅದು ಉತಾರದಲ್ಲಿ ಹೆಸರಿದ್ದವರಿಗೆ ಹೋಗುತ್ತದೆ. ಒಳಗಿನ ಫ್ರಿಜ್ಜು, ಮಿಕ್ಸರು, ಮಂಚ, ಮಕ್ಕಳ ಪುಸ್ತಕ ಇವುಗಳಿಗೆ ಬೇರೆ ಲೆಕ್ಕವೇ ಇಲ್ಲ. ಆ ಚಿಕ್ಕ ಪರಿಹಾರಕ್ಕೂ ತಲಾಟಿಯವರು ಬಂದಾಗ ‘ನಾವು ಇದೇ ಮನೆಯಲ್ಲಿ ಇದ್ದೆವು’ ಎಂದು ತೋರಿಸಬೇಕಾಗುತ್ತದೆ. ಬಾಡಿಗೆದಾರರ ರೇಷನ್ ಕಾರ್ಡು ಒಂದೂರಲ್ಲಿ, ಆಧಾರ್ ಇನ್ನೊಂದೂರಲ್ಲಿ, ಬಾಡಿಗೆ ಬಾಯಿಮಾತಿನಲ್ಲಿ! ವಿಮೆ ಮಾಡಿಸುವಿರೋ ಬಿಡುವಿರೋ, ಬಾಡಿಗೆ ಕರಾರನ್ನು ಮಾತ್ರ ಕಾಗದದ ಮೇಲೆ ಬರೆಸಿಕೊಳ್ಳಿ. ಮಾಲೀಕರು ‘ಯಾಕವ್ವಾ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು’ ಎಂದು ಮುಖ ಸಣ್ಣ ಮಾಡಿಕೊಂಡರೂ ಪರವಾಗಿಲ್ಲ.

ನೆರೆಯ ವಿಮೆ ಎಂಬುದು ಎಲ್ಲಿ ಸಿಗುತ್ತದೆ?

ನಾನು ಮೊದಲು ವಿಚಾರಿಸಿದ್ದು ನಮ್ಮ ಎಲ್‌ಐಸಿ ಏಜೆಂಟರನ್ನು. ಅವರು ನಕ್ಕು, “ಬಾಯಾರ, ನಮ್ಮದು ಜೀವಕ್ಕ. ಸಾಮಾನಿಗೆ ಬ್ಯಾರೆ ಕಂಪನಿ” ಎಂದರು. ನಿಜ, ಎಲ್‌ಐಸಿ ಜೀವ ವಿಮೆಯ ಸಂಸ್ಥೆ. ಮನೆ, ಸಾಮಾನು, ವಾಹನಗಳಿಗೆ ಸಾಮಾನ್ಯ ವಿಮಾ ಕಂಪನಿಗಳು ಬೇರೆ. ಸರಕಾರದ್ದೇ ನಾಲ್ಕು ಇವೆ: ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ. ಖಾಸಗಿಯವು ಸಾಕಷ್ಟು.

ಯಜಮಾನರ ಗೆಳೆಯರೊಬ್ಬರು, “ನಾವು ವಿಮಾ ತುಂಬೀವಲ್ಲ, ಹೆಸರಿಗೆ” ಎಂದರು. ಅದು ಬೆಳೆ ವಿಮೆ! ಹೆಸರು ಬೆಳೆ ಕೊಳೆತರೆ ಅದು ನೆರವಿಗೆ ಬಂದೀತು, ಅಡುಗೆಮನೆಗೆ ಬರುವುದಿಲ್ಲ. ನಮ್ಮ ಭಾಗದಲ್ಲಿ ವಿಮೆ ಎಂದರೆ ಈ ಎರಡೇ, ಜೀವದ್ದು ಮತ್ತು ಬೆಳೆಯದ್ದು. ನಡುವೆ ಮನೆಯೊಂದು ಇದೆ ಎಂಬುದೇ ಮರೆತುಹೋಗಿದೆ.

ಇನ್ನೊಂದು ಸಂಗತಿ. ನಮ್ಮ ದೇಶದಲ್ಲಿ ಮನೆಗೆ ‘ನೆರೆ ವಿಮೆ’ ಎಂದು ಸಾಮಾನ್ಯವಾಗಿ ಬೇರೆ ಪಾಲಿಸಿ ಮಾರುವುದಿಲ್ಲ. ಅದು ಬೆಂಕಿಯ ವಿಮೆಯ ಹೊಟ್ಟೆಯಲ್ಲೇ ಇರುತ್ತದೆ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ತಂದಿತು. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ನೀರು ನುಗ್ಗುವುದು, ನೆಲ ಕುಸಿಯುವುದು ಇವೆಲ್ಲ ಅದರಲ್ಲಿ ಸೇರಿವೆ. ಕಟ್ಟಡಕ್ಕೆ ಮಾತ್ರ, ಸಾಮಾನಿಗೆ ಮಾತ್ರ, ಅಥವಾ ಎರಡಕ್ಕೂ ಮಾಡಿಸಬಹುದು. ಬಾಡಿಗೆದಾರರಿಗೆ ಬೇಕಾದದ್ದು ಆ ನಡುವಿನದು, ‘ಸಾಮಾನಿಗೆ ಮಾತ್ರ’. ಮಾಲೀಕರು ತಮ್ಮ ಕಟ್ಟಡಕ್ಕೆ ವಿಮೆ ಮಾಡಿಸಿದ್ದರೂ ಅದರಿಂದ ನಿಮ್ಮ ಒಂದು ಚಮಚೆಗೂ ರಕ್ಷಣೆಯಿಲ್ಲ.

ಸಾಮಾನಿಗೆ ಮಾತ್ರವಾದರೆ ಕಂತು ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ನೂರು ರೂಪಾಯಿಯ ಮಾತು. ಕಳವಿನ ರಕ್ಷಣೆ ಬೇರೆ ಬೇಕೆಂದರೆ ಇನ್ನಷ್ಟು. ಪೂರ್ತಿ ಹಾಳಾದ ವಸ್ತುವಿಗೆ ಅಂಥದೇ ಇನ್ನೊಂದನ್ನು ಕೊಳ್ಳುವ ಬೆಲೆಯನ್ನು ಕೊಡುತ್ತಾರೆ, ನೀವು ಬರೆಸಿದ ಒಟ್ಟು ಮೊತ್ತದ ಒಳಗೆ. ಹಿಂದೆ, ಎರಡು ಲಕ್ಷದ ಸಾಮಾನಿಗೆ ಒಂದು ಲಕ್ಷದ ವಿಮೆ ಮಾಡಿಸಿದ್ದರೆ ನಷ್ಟದಲ್ಲಿಯೂ ಅರ್ಧ ಕತ್ತರಿಸುವ ಪದ್ಧತಿಯಿತ್ತು. ಈ ಪಾಲಿಸಿಯಲ್ಲಿ ಆ ಕತ್ತರಿ ಇಲ್ಲ.

ಇನ್ನು ಇದರಲ್ಲಿ ಬಾರದ್ದೂ ಇದೆ, ಅದನ್ನು ಏಜೆಂಟರು ತಾವಾಗಿ ಹೇಳುವುದು ಅಪರೂಪ. ಡಬ್ಬಿಯಲ್ಲಿಟ್ಟ ನಗದು ಹಣ ಬರುವುದಿಲ್ಲ. ಬಂಗಾರ, ಬೆಳ್ಳಿ ಬೇಕೆಂದರೆ ಬೇರೆಯಾಗಿ ಬರೆಸಿ ಹೆಚ್ಚು ಹಣ ಕಟ್ಟಬೇಕು. ಮೋಟರ್ ಸೈಕಲ್ಲಿಗೆ ಅದರದೇ ವಿಮೆ. ಅದೂ ಬರೀ ‘ಥರ್ಡ್ ಪಾರ್ಟಿ’ ಆಗಿದ್ದರೆ ನೆರೆಗೆ ಒಂದು ಪೈಸೆಯೂ ಇಲ್ಲ. ವರ್ಷದ ಕಾಳುಕಡಿ ಸೇರುತ್ತದೆಯೇ ಎಂಬುದನ್ನು ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಮೂರು ಊರು, ಮೂರು ತರಹದ ನೀರು

ವಿಮೆ ಬೇಕೇ ಬೇಡವೇ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ನಿಮ್ಮ ಮನೆಗೆ ನೀರು ಬಂದರೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ನಾನು ಬಾಡಿಗೆಗಿದ್ದ ಈ ಮೂರು ತಾಲ್ಲೂಕುಗಳನ್ನೇ ನೋಡಿರಿ.

ರೋಣ ತಾಲ್ಲೂಕಿನಲ್ಲಿ ಅಂಜಿಕೆ ಹೊಳೆಯದು. ಮಲಪ್ರಭೆ ಹುಟ್ಟುವುದು ಖಾನಾಪುರದ ಕಡೆ ಕಣಕುಂಬಿಯಲ್ಲಿ. ಅಲ್ಲಿ ಘಟ್ಟದಲ್ಲಿ ಸುರಿದ ಮಳೆಗೆ ಸವದತ್ತಿ ಹತ್ತಿರದ ನವಿಲುತೀರ್ಥದ ಜಲಾಶಯ ತುಂಬಿದರೆ ಇಲ್ಲಿ ಹೊಳೆಆಲೂರು, ಮೆಣಸಗಿ, ಗಾಡಗೋಳಿಗಳ ಜನ ಗಂಟು ಕಟ್ಟಬೇಕು. ನಮ್ಮಲ್ಲಿ ಹನಿ ಬಿದ್ದಿರದಿದ್ದರೂ ಸರಿ! ಇನ್ನೊಂದು ಕಡೆಯಿಂದ ಬೆಣ್ಣೆಹಳ್ಳ. ಹೆಸರು ಬೆಣ್ಣೆ, ಕೆಲಸ ಬೆಂಕಿ. ಹುಬ್ಬಳ್ಳಿ, ನವಲಗುಂದದ ಎರೆ ಹೊಲಗಳ ನೀರನ್ನೆಲ್ಲ ಹೊತ್ತು ತಂದು ಮೆಣಸಗಿಯ ಹತ್ತಿರ ಮಲಪ್ರಭೆಗೆ ಸೇರುತ್ತದೆ. ಹೊಳೆ ತುಂಬಿದ್ದರೆ ಹಳ್ಳದ ನೀರಿಗೆ ದಾರಿಯಿಲ್ಲ. ಅದು ಹಿಂದಕ್ಕೆ ಒತ್ತಿ ಊರು ಹೊಗುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕವೇ ಮುಳುಗಿದ್ದು ನಿಮಗೆ ನೆನಪಿರಬಹುದು. ಆಮೇಲೆ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ನವಗ್ರಾಮಗಳನ್ನು ಕಟ್ಟಿದರು. ಆದರೆ ಅವು ಊರಿನ ಮನೆಮಾಲೀಕರಿಗೆ. ಬಾಡಿಗೆದಾರರಿಗೆ ಯಾವ ಆಸರೆ? ಹೊಳೆಆಲೂರಿನಲ್ಲಿ ರೈಲು ನಿಲ್ದಾಣವಿದೆ, ಶಾಲೆ ಕಾಲೇಜುಗಳಿವೆ. ಮಾಸ್ತರರು, ನರ್ಸುಗಳು, ಬ್ಯಾಂಕಿನವರು ಬಾಡಿಗೆಗಿರುವುದು ಸ್ಟೇಷನ್ನು, ಪೇಟೆ ಹತ್ತಿರವಿರುವ ಹಳೆ ಊರಿನಲ್ಲಿಯೇ. ರೋಣ ಪಟ್ಟಣದ ಮಾತು ಬೇರೆ. ಇಲ್ಲಿ ಹೊಳೆ ಬರುವುದಿಲ್ಲ, ತಗ್ಗಿನ ಓಣಿಗೆ ಗಟಾರದ ನೀರು ಬಂದೀತು.

ನರಗುಂದ ತಾಲ್ಲೂಕಿನ ಕೊಣ್ಣೂರನ್ನು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಹೋದವರೆಲ್ಲ ನೋಡಿರುತ್ತೀರಿ. 2019ರ ಆಗಸ್ಟಿನಲ್ಲಿ ಆ ಊರಿಗೆ ನೀರು ನುಗ್ಗಿ ಹೆದ್ದಾರಿಯೇ ಬಂದಾಯಿತು. ಅಕ್ಟೋಬರಿನಲ್ಲಿ ಮತ್ತೊಮ್ಮೆ ಹೊಳೆ ಬಂತು. ಮೊದಲ ಸಲದ ರಾಡಿ ತೊಳೆದು, ಹೊಸ ಗಾದಿ ಕೊಂಡು ಹಾಸಿದವರು ಎರಡೇ ತಿಂಗಳಲ್ಲಿ ಅದನ್ನೂ ಕಳೆದುಕೊಂಡರು. ಹೊಳೆದಂಡೆಯ ಊರಿನಲ್ಲಿ ‘ಒಮ್ಮೆ ಬಂದಾಗೇತಿ, ಇನ್ನ ಹತ್ತು ವರ್ಷ ಚಿಂತಿಲ್ಲ’ ಎಂಬ ಮಾತನ್ನು ನಂಬಬೇಡಿ.

ನರಗುಂದ ಪಟ್ಟಣದ ಕತೆ ಇನ್ನೂ ವಿಚಿತ್ರ. 1980ರ ಜುಲೈಯಲ್ಲಿ ಮಲಪ್ರಭೆ ಕಾಲುವೆಯ ಕರದ ವಿರುದ್ಧ ರೈತರು ಬಂಡೆದ್ದ ಊರು. 2015ರಿಂದ ವರ್ಷಗಟ್ಟಲೆ ಮಹಾದಾಯಿಯ ನೀರಿಗಾಗಿ ಧರಣಿ ಕುಳಿತ ಊರು. ಅಂಥ ಊರಿನ ಮನೆಗಳ ಕೆಳಗೆ ನೀರು ಏರಿ ಕೂತಿದೆ! ಹಳೆ ಕಾಲದಲ್ಲಿ ಜೋಳ ತುಂಬಿಡಲು ಮನೆಯೊಳಗೇ ಹಗೇವು ತೋಡುತ್ತಿದ್ದರಲ್ಲ, ಆಮೇಲೆ ಅವುಗಳ ಬಾಯಿ ಮುಚ್ಚಿ ಮೇಲೆ ಮನೆ ಕಟ್ಟಿಕೊಂಡು ಎಲ್ಲರೂ ಮರೆತರು. ಅಂತರ್ಜಲ ಏರಿದಂತೆ ಆ ಪೊಳ್ಳು ನೆಲ ಮೆತ್ತಗಾಗಿ, 2019ರ ಮಳೆಗಾಲದಿಂದೀಚೆಗೆ ಹಳೆ ಓಣಿಗಳಲ್ಲಿ ಪಡಸಾಲೆಯೇ ಕುಸಿದ ಸುದ್ದಿ ಮೇಲಿಂದ ಮೇಲೆ ಬಂತು. ನಾವು ಅಲ್ಲಿದ್ದ ಮನೆಯಲ್ಲಿ ನಡುಮನೆಯ ಒಂದು ಪರಸಿ ಕಲ್ಲು ಕಾಲಿಟ್ಟರೆ ಡುಬುಡುಬು ಎನ್ನುತ್ತಿತ್ತು. ಮನೆಯೊಡತಿ ಅಜ್ಜಿ, “ಅದರ ಕೆಳಗ ಹಗೇವು ಐತೆವ್ವಾ, ಅಲ್ಲಿ ಕಪಾಟ ಇಡಬ್ಯಾಡ” ಎಂದಿದ್ದರು. ಆಗ ನಕ್ಕಿದ್ದೆ. ಈಗ ಆ ಅಜ್ಜಿಗೆ ಕೈ ಮುಗಿಯುತ್ತೇನೆ. ನರಗುಂದದ ಹಳೆ ಓಣಿಯಲ್ಲಿ ಬಾಡಿಗೆ ಹಿಡಿಯುವವರು ನಳ, ಪಾಯಖಾನೆ ಕೇಳುವ ಮೊದಲು ‘ಹಗೇವು ಐತೇನ್ರಿ’ ಎಂದು ಕೇಳಬೇಕು.

ಮನೆ ನಿಂತ ನೆಲ ಕುಸಿಯುವುದಕ್ಕೂ ಈ ಪಾಲಿಸಿಯಲ್ಲಿ ರಕ್ಷಣೆಯಿದೆ. ಆದರೆ ಹೊಸದಾಗಿ ತುಂಬಿದ ಮಣ್ಣು ಕೂರುವುದು, ಕೆಟ್ಟ ಕಟ್ಟಡದ ದೋಷ, ಪಕ್ಕದಲ್ಲಿ ಅಗೆದುದರಿಂದ ಆದ ಕುಸಿತ ಇವನ್ನು ಹೊರಗಿಟ್ಟಿದ್ದಾರೆ. ಹಗೇವಿನ ಕುಸಿತ ಯಾವುದರಲ್ಲಿ ಸೇರುತ್ತದೆ ಎಂಬುದು ವಾದಕ್ಕೆ ಬರುವಂಥ ಮಾತು. ಕಂಪನಿಯಿಂದ ಮೊದಲೇ ಪತ್ರದಲ್ಲಿ ಕೇಳಿ ತಿಳಿಯುವುದೇ ಜಾಣತನ. ಜವಳು ಏರಿ ಗೋಡೆ ಉಪ್ಪು ಕಾರುವುದು, ಟ್ರಂಕಿನ ತಳ ತುಕ್ಕು ಹಿಡಿಯುವುದು ಇವಕ್ಕಂತೂ ಖಂಡಿತ ಕೊಡುವುದಿಲ್ಲ. ವಿಮೆ ಕೊಡುವುದು ಒಮ್ಮೆಗೇ ಬಂದೆರಗಿದ ಆಪತ್ತಿಗೆ, ದಿನಾ ತಿನ್ನುವ ತೇವಕ್ಕಲ್ಲ.

ಗಜೇಂದ್ರಗಡ ರೋಣದಿಂದ ಬೇರೆಯಾಗಿ ತಾಲ್ಲೂಕಾದ ಊರು. ಗುಡ್ಡದ ಸಾಲು, ಕಾಲಕಾಲೇಶ್ವರ, ಇಳಕಲ್ ಸೀರೆಯ ಮಗ್ಗಗಳ ಸದ್ದು. ಹೊಳೆಯ ಹೆದರಿಕೆ ಇಲ್ಲಿಲ್ಲ. ಇಲ್ಲಿಯ ನೀರು ಮುಗಿಲಿನದು. ಮಣ್ಣಿನ ಮಾಳಿಗೆ ಎರಡು ದಿನ ಜಡಿ ಹಿಡಿದರೆ ಸೋರುತ್ತದೆ. ಈ ಸೋರಿಕೆಯನ್ನು ನೆರೆ ಎಂದು ಯಾವ ಕಂಪನಿಯೂ ಒಪ್ಪುವುದಿಲ್ಲ. ಅದಕ್ಕೆ ಮಾಲೀಕರಿಂದ ಮೇಲುಮುದ್ದೆ ಮಾಡಿಸುವುದೇ ವಿಮೆ. ಆದರೆ ಬಾಡಿಗೆ ಮನೆಯಲ್ಲಿ ಕುಣಿಮಗ್ಗ ಹೂಡಿಕೊಂಡ ನೇಕಾರ ಹೆಣ್ಣುಮಕ್ಕಳು ಈ ಊರಲ್ಲಿದ್ದಾರೆ. ಮಳೆನೀರು ಕುಣಿಗೆ ಇಳಿದರೆ ಮಗ್ಗವೂ ನಿಂತಿತು, ಹಾಸೂ ಹಾಳಾಯಿತು. ಅವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು: ಮನೆಬಳಕೆಯ ಪಾಲಿಸಿಯಲ್ಲಿ ಮಗ್ಗ, ನೂಲು, ನೇಯ್ದ ಸೀರೆ ಸೇರುವುದಿಲ್ಲ, ಅವು ದಂಧೆಯ ಸಾಮಾನು. ಅಂಥ ಚಿಕ್ಕ ಉದ್ಯೋಗಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಬೇರೆ ಪಾಲಿಸಿ ಇದೆ. ಮನೆಯಲ್ಲಿ ಹೊಲಿಗೆ ಹಾಕಿ ಸಂಪಾದಿಸುವವರೂ ತಮ್ಮ ಮಶೀನು ಯಾವುದರಲ್ಲಿ ಸೇರುತ್ತದೆಂದು ಕೇಳಿಕೊಳ್ಳಬೇಕು.

ನಮ್ಮ ಮನೆಯ ಲೆಕ್ಕ

ನರ್ಸಬಾಯಿಯ ಮಾತು ಕೇಳಿದ ರಾತ್ರಿ ಊಟವಾದ ಮೇಲೆ ನಮ್ಮವರನ್ನು ಕೇಳಿದೆ, “ನಮ್ಮ ಮನಿ ಸಾಮಾನೆಲ್ಲಾ ಸೇರಿ ಎಷ್ಟಕ್ಕ ಆದೀತು?”

ಪೇಪರಿನಿಂದ ತಲೆ ಎತ್ತದೆ, “ಏನೈತಿ ನಮ್ಮದು? ನಲವತ್ತು ಸಾವಿರ ಆದ್ರ ಹೆಚ್ಚು” ಎಂದರು. ಗಂಡಸರಿಗೆ ಮನೆಯಲ್ಲಿ ಕಾಣುವುದು ಟಿ.ವಿ. ಮತ್ತು ಕುರ್ಚಿ ಮಾತ್ರ!

ಮರುದಿನ ಮಗಳ ಹಳೆ ನೋಟುಬುಕ್ಕು ಹಿಡಿದು ಖೋಲಿ ಖೋಲಿ ಬರೆದೆ. ಅಡುಗೆಮನೆಯೊಂದೇ ನಾಲ್ಕು ಪುಟ ಆಯಿತು. ಸ್ಟೀಲಿನ ಪಾತ್ರೆ, ಕುಕ್ಕರು ಮೂರು, ಮಿಕ್ಸರು, ಗ್ಯಾಸಿನ ಒಲೆ, ನೀರು ಸೋಸುವ ಯಂತ್ರ. ಹಾಸಿಗೆ, ಕೌದಿ, ಸೀರೆ, ಮಕ್ಕಳ ಬಟ್ಟೆ, ಕಪಾಟು, ವಾಷಿಂಗ್ ಮಶೀನು, ಮಗಳ ಓದಿನ ಲ್ಯಾಪ್‌ಟಾಪು. ಹೊಸದಾಗಿ ಕೊಂಡರೆ ಎಷ್ಟಾದೀತೋ ಅದನ್ನು ಎದುರಿಗೆ ಬರೆದು ಕೂಡಿಸಿದಾಗ 2 ಲಕ್ಷ 30 ಸಾವಿರ ದಾಟಿತು. ನೋಟುಬುಕ್ಕು ನೋಡಿ ನಮ್ಮವರು ಕನ್ನಡಕ ಒರೆಸಿಕೊಂಡರು.

ನೀವೂ ಹೀಗೆ ಒಮ್ಮೆ ಬರೆದು ನೋಡಿ. ಆಮೇಲೆ ಆ ಮೊತ್ತದ ಎದುರು ಕುಳಿತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದೆಲ್ಲ ಒಂದೇ ರಾತ್ರಿಯಲ್ಲಿ ಹೋದರೆ, ಸಾಲ ಮಾಡದೆ ಮತ್ತೆ ಕೊಳ್ಳುವ ಶಕ್ತಿ ನಮಗಿದೆಯೇ?

ಹೊಳೆಆಲೂರು, ಕೊಣ್ಣೂರು, ಬೆಣ್ಣೆಹಳ್ಳದ ದಂಡೆಯ ಊರುಗಳಲ್ಲಿ ಬಾಡಿಗೆಗಿರುವವರು ಇಷ್ಟು ಯೋಚಿಸುವ ಅಗತ್ಯವೂ ಇಲ್ಲ, ಮಾಡಿಸಿಬಿಡಿ ಎನ್ನುತ್ತೇನೆ. ಕಂತಿನ ಮೇಲೆ ಸಾಮಾನು ಕೊಂಡವರು ಯಾವ ಊರಲ್ಲಿದ್ದರೂ ಮಾಡಿಸಬೇಕು. ಸಾಮಾನು ಹೋಗಿ ಕಂತು ಉಳಿಯುವ ಗತಿ ಶತ್ರುವಿಗೂ ಬೇಡ. ಗಜೇಂದ್ರಗಡದಂಥ ಊರಲ್ಲಿ, ಆರ್‌ಸಿಸಿ ಮನೆಯಲ್ಲಿ, ಮಹಡಿಯ ಮೇಲೆ ಬಾಡಿಗೆಗಿದ್ದು, ಮೂವತ್ತು ನಲವತ್ತು ಸಾವಿರದ ಸಾಮಾನು ಮಾತ್ರ ಇರುವ ಹೊಸ ಗಂಡಹೆಂಡಿರಿಗೆ ನಾನು ಒತ್ತಾಯ ಮಾಡಲಾರೆ. ಅವರು ಆ ಹಣವನ್ನು ಭಿಶಿಗೋ ಪೋಸ್ಟಿನ ಆರ್.ಡಿ.ಗೋ ಹಾಕಿದರೂ ತಪ್ಪಲ್ಲ. ಆದರೆ ಈ ಪಾಲಿಸಿ ಬರೀ ನೆರೆಗಲ್ಲ, ಬೆಂಕಿ, ಸಿಡಿಲು, ಸಿಲಿಂಡರ್ ಸ್ಫೋಟಕ್ಕೂ ಇದೆ ಎಂಬುದನ್ನು ತೂಗಿ ನೋಡಲಿ. ಕಂತು ಕಟ್ಟಿ ಏನೂ ಆಗದಿದ್ದರೆ ಹಣ ತಿರುಗಿ ಬರುವುದಿಲ್ಲ, ಎಲ್‌ಐಸಿಯಂತೆ ‘ಮುಗಿದ ಮೇಲೆ ಇಷ್ಟು’ ಎಂಬುದು ಇಲ್ಲ. ನಮ್ಮವರಿಗೆ ಇದನ್ನು ಒಪ್ಪಿಸುವುದೇ ನನಗೆ ಕಷ್ಟವಾಯಿತು. ‘ನೀರಾಗ ಹಾಕಿದಂಗ’ ಎಂದರು. ‘ನೀರಿಗಾಗೇ ಹಾಕೋದು’ ಎಂದೆ.

ಮಾಡಿಸುವಾಗಲೂ, ಕೇಳುವಾಗಲೂ

ಅರ್ಜಿಯಲ್ಲಿ ಗೋಡೆ ಯಾವುದರದು, ಮಾಳಿಗೆ ಯಾವುದರದು ಎಂದು ಕೇಳಿರುತ್ತಾರೆ. ಮಣ್ಣಿನ ಗೋಡೆಯಿದ್ದರೆ ಮಣ್ಣೆಂದೇ ಬರೆಸಿ. ‘ಇರ್ಲಿ ಬಿಡ್ರಿ, ಆರ್‌ಸಿಸಿ ಅಂತ ಹಾಕೋಣ’ ಎಂದು ಯಾರಾದರೂ ಅವಸರ ಮಾಡಿದರೆ ಫಾರಂ ತಿರುಗಿ ತೆಗೆದುಕೊಳ್ಳಿ. ಸುಳ್ಳು ಬರೆದ ಪಾಲಿಸಿ ಬೇಕಾದ ದಿನ ಕೈ ಕೊಡುತ್ತದೆ. ‘ಮೊದಲ ಇಷ್ಟು ರೂಪಾಯಿ ನಷ್ಟ ನೀವೇ ಹೊರಬೇಕು’ ಎಂಬ ಷರತ್ತು ಇದೆಯೋ ಕೇಳಿ. ಮನೆ ಬದಲಿಸಿದರೆ ಹೊಸ ವಿಳಾಸವನ್ನು ಪಾಲಿಸಿಯಲ್ಲಿ ಬರೆಸಲೇಬೇಕು. ನಮ್ಮಂಥ ವರ್ಗಾವಣೆಯವರು ಗ್ಯಾಸಿನ ವಿಳಾಸ ಬದಲಿಸುತ್ತೇವೆ, ಇದನ್ನು ಮರೆಯುತ್ತೇವೆ. ಮೇ ತಿಂಗಳ ಒಳಗೇ ಮಾಡಿಸಿ. ಅಣೆಕಟ್ಟೆಯ ಬಾಗಿಲು ತೆರೆದ ಸುದ್ದಿ ಕೇಳಿ ಓಡಿದರೆ ಯಾರು ಕೊಟ್ಟಾರು?

ಆ ನೋಟುಬುಕ್ಕಿನ ಪಟ್ಟಿ, ಅಂಗಡಿಯ ಬಿಲ್ಲು, ಪಾಲಿಸಿ ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಬೇರೆ ಊರಿನ ಅಣ್ಣನಿಗೋ ತಂಗಿಗೋ ಕಳಿಸಿ ಇಡಿ. ಖೋಲಿ ಖೋಲಿಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ನೀರು ಬಂದರೆ ಮೊದಲು ಜೀವ, ಅದಕ್ಕೆ ಬದಲಿ ಯಾವ ಕಂಪನಿಯೂ ಕೊಡುವುದಿಲ್ಲ. ಸುರಕ್ಷಿತ ಜಾಗ ಸೇರಿದ ಕೂಡಲೇ ಕಂಪನಿಗೆ ಫೋನು ಮಾಡಿ, ದೂರಿನ ನಂಬರು ಬರೆದುಕೊಳ್ಳಿ. ಸರ್ವೇಯರು ಬರುತ್ತಾರೆ, ಹೊಲ ಅಳೆಯುವವರಲ್ಲ, ನಷ್ಟ ಅಳೆಯುವವರು. ಅವರು ಬಂದು ನೋಡುವ ತನಕ ಹಾಳಾದ ಸಾಮಾನನ್ನು ಎಸೆಯಬೇಡಿ. ನಮ್ಮ ಹೆಣ್ಣುಮಕ್ಕಳು ಎಡವುವುದು ಇಲ್ಲಿಯೇ! ರಾಡಿ ಕಂಡರೆ ಕೈ ಸುಮ್ಮನಿರುವುದಿಲ್ಲ, ಒಂದೇ ದಿನದಲ್ಲಿ ತೊಳೆದು, ಹರಿದ ಗಾದಿ ತಿಪ್ಪೆಗೆ ಒಗೆದು, ‘ಸಾಕ್ಷಿ ಎಲ್ಲಿ’ ಎಂದಾಗ ಪೆಚ್ಚಾಗುತ್ತೇವೆ. ಕೊಳೆತ ಹಿಟ್ಟು, ಕಾಳು ಇಡಲಾಗುವುದಿಲ್ಲ ನಿಜ. ಅವುಗಳ ಫೋಟೋ ತೆಗೆದು ಚೆಲ್ಲಿ. ಉಳಿದದ್ದನ್ನು ಅಂಗಳದಲ್ಲಿ ಒಂದು ಕಡೆ ಒಟ್ಟಿ ಇಡಿ. ತಲಾಟಿಯವರ ಪಂಚನಾಮೆ ಆದರೆ ಅದರ ಪ್ರತಿಯನ್ನೂ ಪಡೆಯಿರಿ. ಸರಕಾರದ ಪರಿಹಾರಕ್ಕೂ ಕಂಪನಿಗೂ ಎರಡಕ್ಕೂ ಅದು ಉಪಯೋಗಕ್ಕೆ ಬರುತ್ತದೆ.

ಕಂಪನಿ ಕೊಡುವುದಿಲ್ಲವೆಂದರೆ ಯಾಕೆಂಬುದನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಅವರದೇ ದೂರು ವಿಭಾಗ. ಅಲ್ಲಿಯೂ ಸರಿಹೋಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿಯಿದೆ. ಅಲ್ಲಿಗೆ ವಕೀಲರು ಬೇಡ, ಶುಲ್ಕವೂ ಇಲ್ಲ, ಅರ್ಜಿ ಬರೆದು ಕಾಗದಪತ್ರ ಲಗತ್ತಿಸಿ ಕಳಿಸಿದರಾಯಿತು.

ನಾವು ಕೊನೆಗೆ 2 ಲಕ್ಷ 50 ಸಾವಿರಕ್ಕೆ ಮಾಡಿಸಿದೆವು. ರೋಣದ ಈ ಮನೆ ಮೂರು ಮೆಟ್ಟಿಲು ಎತ್ತರದಲ್ಲಿದೆ, ನೀರು ಬರಲಿಕ್ಕಿಲ್ಲ. ಆದರೆ ಮುಂದಿನ ವರ್ಗ ಎಲ್ಲಿಗೋ ಯಾರಿಗೆ ಗೊತ್ತು?

ನರ್ಸಬಾಯಿಗೆ ಈ ಸಲ ಕೊಣ್ಣೂರಿಗೆ ಆರ್ಡರ್ ಬಂತು. ಟೆಂಪೋ ಹೇಳುವ ಮೊದಲೇ ಏಜೆಂಟರನ್ನು ನಮ್ಮ ಕಟ್ಟೆಗೆ ಕರೆಸಿದಳು. ಆತ ಫಾರಂ ಬಿಚ್ಚಿ, “ಮನಿ ಯಾರ ಹೆಸರಿಲೆ ಐತ್ರಿ, ಬಾಯಾರ?” ಎಂದು ಕೇಳಿದ.

“ಮನಿ ಅವರ್ದು, ಸಾಮಾನು ನಂದು. ಅಷ್ಟ ಬರಕೋರಿ” ಎಂದಳು ನರ್ಸಬಾಯಿ, ಮತ್ತು ಪಟ್ಟಿ ಮುಂದಿಟ್ಟಳು. ಮೊದಲನೆಯ ಸಾಲಿನಲ್ಲಿ ಫ್ರಿಜ್ಜು ಇತ್ತು, ಹೊಸದು. ಈ ಸಲ ನಗದು ಕೊಟ್ಟು ಕೊಂಡದ್ದು.